ಉಸ್ತಾದರ ಸೀಟಿ

"ನಿನ್ನ ಸೀಟಿ ಎಲ್ಲೈತಿ?" ಮೈದಾನಕ್ಕೆ ಕಾಲಿಡುತ್ತಲೇ ಗುಲಾಮ್ ದಸ್ತಗೀರ್ ಕೇಳಿದರು.

"ನಾ ಸೀಟಿ ಹಿಡಿಯಂಗಿಲ್ಲರಿ ಉಸ್ತಾದ್," ಎಂದ ಕೋಚ್ ಪಂಪಾಪತಿ.

ಕ್ಲಬ್ಬಿನವರ ದೂರೂ ಅದೇ. ರಾಯಚೂರಿನಲ್ಲಿ ಪಗಾರ ಕೊಟ್ಟು ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟಿದ್ದಾರೆ. ಕೋಚ್ ನೋಡಿದರೆ ಕೂಗುವುದಿಲ್ಲ, ಸೀಟಿ ಊದುವುದಿಲ್ಲ. ಆಟ ಮುಗಿದ ಮೇಲೆ ಮೊಬೈಲಿನಲ್ಲಿ ವಿಡಿಯೋ ತೋರಿಸಿ, "ಇಲ್ಲಿ ನೀ ಯಾಕ ಹಿಂಗ ಮಾಡಿದಿ?" ಎಂದು ಆಡಿದವರನ್ನೇ ಕೇಳುತ್ತಾನೆ. ಇವನನ್ನು ಲೀಗಿಗೆ ಕಳಿಸಬೇಕೋ, ಮನೆಗೆ ಕಳಿಸಬೇಕೋ ನೀವೇ ನೋಡಿ ಹೇಳಿ ಎಂದು ದಸ್ತಗೀರರ ತಲೆಗೆ ಕಟ್ಟಿದ್ದರು. ಪಂಪಾಪತಿಗೆ ಆಟ ಕಲಿಸಿದವರು ಅವರೇ ತಾನೇ.

ಕಲಿಸಿದ್ದೂ ಅಂತಿಂಥ ರೀತಿಯಲ್ಲಲ್ಲ. ಉಸ್ತಾದರು ಸೀಟಿ ಊದಿದರೆ ಹನ್ನೊಂದು ಮಂದಿಯೂ ಇದ್ದಲ್ಲೇ ಕಲ್ಲು. ಎತ್ತಿದ ಕಾಲು ಎತ್ತಿದ ಹಾಗೇ. ಅವರು ಬಂದು ಭುಜ ಮುಟ್ಟಿದ ಮೇಲೆಯೇ ಅಲುಗಾಡಬೇಕು. ಎಂಥ ಶಿಸ್ತು ಅಂತೀರಿ! ದೇವದುರ್ಗದ ಫೈನಲ್ಲಿನಲ್ಲಿ, ಮಾನ್ವಿ ತಂಡದ ಜೊತೆ ಆಟ ಸಮಸಮ ಇದ್ದಾಗ, ಪಕ್ಕದ ರಸ್ತೆಯಲ್ಲಿ ಜಾಲಹಳ್ಳಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ. ಉಸ್ತಾದರ ಹುಡುಗರು, ಪಂಪಾಪತಿಯೂ ಸೇರಿ, ಅಷ್ಟೂ ಮಂದಿ ನಿಂತುಬಿಟ್ಟರು. ಮಾನ್ವಿಯವರು ಆರಾಮಾಗಿ ನಡೆದುಹೋಗಿ ಗೋಲು ಹಾಕಿ ಬಂದರು. ಬಸ್ಸೂ ಹೋಯಿತು, ಕಪ್ಪೂ ಹೋಯಿತು. ಮೂವತ್ತು ವರ್ಷವಾದರೂ ದಸ್ತಗೀರರು ಆ ಕಂಡಕ್ಟರನನ್ನು ಬೈಯುವುದು ಬಿಟ್ಟಿರಲಿಲ್ಲ.

ಅಭ್ಯಾಸದ ಪಂದ್ಯ ಶುರುವಾಯಿತು. ಪಂಪಾಪತಿ ಒಬ್ಬ ರೆಫ್ರಿಯನ್ನು ಕರೆಸಿ, ತಾನು ನೀರಿನ ಬಾಟಲಿಗಳ ಬುಟ್ಟಿ ಹಿಡಿದು ಗೆರೆಯಾಚೆ ಓಡಾಡುತ್ತಿದ್ದ. ಹುಡುಗಿಯರು ತಮ್ಮತಮ್ಮಲ್ಲೇ ಕೂಗಿಕೊಂಡು ಜಾಗ ಬದಲಿಸುತ್ತಿದ್ದರು. ತಮ್ಮ ಹನ್ನೊಂದು ಹುಡುಗರು, ಆ ಧೂಳು, ಆಟ ಮುಗಿದ ಮೇಲೆ ಎಲ್ಲರೂ ಕೂಡಿ ತಿನ್ನುತ್ತಿದ್ದ ಮಂಡಾಳ ಒಗ್ಗರಣೆ ನೆನಪಾಗಿ ಮುದುಕರಿಗೆ ಸಂಕಟವಾಯಿತು. ಇಲ್ಲಿ ತಮ್ಮದೆನ್ನುವುದು ಏನೂ ಉಳಿದಿಲ್ಲವೇ? ಅಷ್ಟರಲ್ಲಿ ಮಿನಾಜ್ ಎಂಬ ಹುಡುಗಿ ಚೆಂಡು ಹಿಡಿದು ಗೋಲಿನತ್ತ ನುಗ್ಗಿದಳು. ದಸ್ತಗೀರರಿಗೆ ತಡೆಯಲಾಗಲಿಲ್ಲ. ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿಯೇಬಿಟ್ಟರು.

ಮಿನಾಜ್ ಒಮ್ಮೆ ಕತ್ತು ತಿರುಗಿಸಿ ನೋಡಿ, ಚೆಂಡನ್ನು ಬಲೆಗೆ ಹೊಡೆದಳು.

"ಸೀಟಿ ಕೇಳಲಿಲ್ಲೇನವಾ?"

"ಕೇಳಿಸ್ತರಿ. ರೆಫ್ರಿ ಕಡಿ ನೋಡಿದೆ, ಅವರ ಬಾಯಾಗ ಸೀಟಿ ಇರಲಿಲ್ಲ. ಹೊಡದೆ."

ದಸ್ತಗೀರರು ಅಂಗೈಯಲ್ಲಿದ್ದ ಸೀಟಿಯನ್ನು ನೋಡಿದರು. "ಇಷ್ಟು ನಾ ನಿಮಗ ಕಲಿಸಿದ್ರ ಅವತ್ತು ಕಪ್ಪು ನಮ್ಮದಿತ್ತಪಾ," ಎಂದರು. "ಸುಮ್ನ ಆ ಕಂಡಕ್ಟರಗ ಬೈದೆ. ಲೀಗಿಗೆ ನೀನ ಕರ್ಕೊಂಡು ಹೋಗು, ಪಂಪಾಪತಿ."

ಹೇಳುತ್ತಲೇ ಅವನತ್ತ ತಿರುಗಿದರು. ಐವತ್ತು ದಾಟಿದ ಪಂಪಾಪತಿ, ಕೈಯಲ್ಲಿ ಬುಟ್ಟಿ ಹಿಡಿದು, ಒಂದು ಕಾಲು ಎತ್ತಿಕೊಂಡೇ ನಿಂತಿದ್ದ.

"ಬಂದು ಭುಜ ಮುಟ್ರಿ ಉಸ್ತಾದ್," ಎಂದ. "ಕಾಲು ನೋಯಾಕತ್ತದ."