ಕೈಗವಸು

ನೋಯುತ್ತಿದ್ದ ಹಲ್ಲನ್ನು ಬಿಟ್ಟು ಡಾಕ್ಟರು ಪಕ್ಕದ ಗಟ್ಟಿ ಹಲ್ಲನ್ನು ಕಿತ್ತಿದ್ದರು. ಆ ಮುದುಕ ಕೆನ್ನೆ ಹಿಡಿದುಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಅವನ ಹಳೆಯ ಕಾರ್ಡನ್ನು ಹರಿದು ಕಸದ ಬುಟ್ಟಿಗೆ ಹಾಕಿದರು. ರಕ್ತ ಮೆತ್ತಿದ ಕೈಗವಸನ್ನೂ ಕಳಚದೆ, ಕಿತ್ತ ಹಲ್ಲೇ ಹುಳುಕಾಗಿತ್ತೆಂದು ಹೊಸ ಕಾರ್ಡು ಬರೆದರು. ಹನ್ನೊಂದು ವರ್ಷಗಳಲ್ಲಿ ಇದು ನಾಲ್ಕನೆಯ ಸಲ. ಕೀವು, ಜೊಲ್ಲು ಯಾವುದಕ್ಕೂ ಹೇಸದ ನರ್ಸ್ ದಾಕ್ಷಾಯಿಣಿ ಆ ಕಾರ್ಡನ್ನು ಮಾತ್ರ ಎರಡು ಬೆರಳ ತುದಿಯಲ್ಲಿ ಹಿಡಿದು ಡ್ರಾಯರಿಗೆ ಹಾಕಿದಳು.

ಅಷ್ಟರಲ್ಲೇ ಕಂಪ್ಯೂಟರ್ ಕಂಪನಿಯ ಏಜೆಂಟ್ ಬಂದ. ಹಿಂದೆ ಎರಡು ಸಲ ಬಂದು ಬೈಸಿಕೊಂಡು ಹೋಗಿದ್ದವನು.

"ಇನ್ಮೇಲೆ ಕಾರ್ಡೇ ಬೇಡ ಸರ್. ರೋಗಿಗಳ ವಿವರ ಎಲ್ಲ ಕಂಪ್ಯೂಟರಲ್ಲೇ ಇರುತ್ತೆ."

"ಬರೆದಿದ್ದನ್ನ ಆಮೇಲೆ ತಿದ್ದಬಹುದೇನ್ರಿ?"

"ತಿದ್ದಬಹುದು ಸರ್. ಆದ್ರೆ ಹಳೇದೂ ಹಂಗೇ ಉಳಿಯುತ್ತೆ. ಯಾರು ಬರೆದ್ರು, ಯಾವಾಗ ತಿದ್ದಿದ್ರು, ಹೆಸರು ಸಮೇತ ತೋರಿಸುತ್ತೆ. ನಾಳೆ ಯಾರಾದ್ರೂ ಕೇಸು ಹಾಕಿದ್ರೆ ಅದೇ ಸಾಕ್ಷಿ."

ಡಾಕ್ಟರ ಮುಖ ಹುಳ್ಳಗಾಯಿತು. ಇವತ್ತೂ ಇವನನ್ನು ಓಡಿಸುತ್ತಾರೆ ಎಂದುಕೊಂಡಳು ದಾಕ್ಷಾಯಿಣಿ.

"ಯಾರ ಹೆಸರು ತೋರಿಸ್ತದೆ? ಹಲ್ಲು ಕಿತ್ತವರದಾ?"

"ಇಲ್ಲ ಸರ್. ಯಾರ ಪಾಸ್‌ವರ್ಡ್ ಹಾಕಿರ್ತಾರೋ ಅವರದು."

ಡಾಕ್ಟರು ತಮ್ಮ ಕೈಗವಸುಗಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಎರಡೂ ಕೈಗಳನ್ನು ಏಜೆಂಟನ ಮುಂದೆ ಎತ್ತಿ ಹಿಡಿದು ನಕ್ಕರು.

"ನಾಳೆನೇ ಹಾಕಿಬಿಡ್ರಿ. ಈ ರಕ್ತದ ಕೈಯಲ್ಲಿ ನಾನೆಲ್ಲಿ ಬರೀಲಿ? ಪಾಸ್‌ವರ್ಡು ನಮ್ಮ ದಾಕ್ಷಾಯಿಣಿ ಹೆಸರಲ್ಲೇ ಇರ್ಲಿ."