ಬ್ಯಾರೆ ಕೆಂಪು

ಮಧುವಿನ ಕಣ್ಣು ಕೆಂಪಾಗಿತ್ತು. ಸಮಿತಿಗೆ ಅಷ್ಟು ಸಾಕಾಯಿತು.

ಸಮಿತಿಯ ಪೂರ್ತಿ ಹೆಸರು ‘ಕುಟುಂಬ ಬೆಂಬಲ, ಹೊಸಬರ ಸ್ವಾಗತ ಹಾಗೂ ಯುವಜನ ವ್ಯಸನಮುಕ್ತಿ ಸಮಿತಿ, ಬ್ಯಾಡಗಿ’. ಬ್ಯಾನರಿನಲ್ಲಿ ಅಧ್ಯಕ್ಷ ಅಂದಾನೆಪ್ಪನವರ ಫೋಟೊಗೆ ಜಾಗ ಸಾಲದ್ದರಿಂದ ಕುಟುಂಬ ಬೆಂಬಲವನ್ನು ಕೈಬಿಡಲಾಗಿತ್ತು.

ಮೂರು ವಾರದ ಹಿಂದೆ ಇದೇ ಸಮಿತಿ ಮಧುವನ್ನೂ ಅವನ ತಾಯಿ ಗದಿಗೆವ್ವನನ್ನೂ ಸ್ವಾಗತಿಸಿತ್ತು. ಅವರು ಅದೇ ಜಿಲ್ಲೆಯ ಗುತ್ತಲದವರು. ಸಮಿತಿಯ ದೃಷ್ಟಿಯಲ್ಲಿ ಅದು ಪರದೇಶ. ತಾಯಿಗೊಂದು ಗುಲಾಬಿ, ಮಗನಿಗೊಂದು ಗುಲಾಬಿ. ವಾಟ್ಸಾಪ್ ಗುಂಪಿನಲ್ಲಿ ಫೋಟೊ. ಮೆಣಸಿನಕಾಯಿ ದಲಾಲಿ ಅಂಗಡಿಯ ಅಂದಾನೆಪ್ಪನವರು ತಮ್ಮ ಹಿತ್ತಲಿನ ಖೋಲಿಯನ್ನೇ ಬಾಡಿಗೆಗೆ ಕೊಟ್ಟರು. ತಮ್ಮ ಅಂಗಡಿಯಲ್ಲೇ ಕೆಲಸವನ್ನೂ ಕೊಟ್ಟರು. ತಾಯಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು, ಮಗ ಚೀಲ ಹೊರುತ್ತಿದ್ದ.

ಆಮೇಲೆ ಕೈಪಿಡಿ ಬಂತು. ಬೆಂಗಳೂರಿನಲ್ಲಿ ಅಚ್ಚಾದದ್ದು, ನುಣುಪು ಕಾಗದ. ಗಾಂಜಾ ಸೇದುವವರ ಮೊದಲ ಲಕ್ಷಣ ಕೆಂಪು ಕಣ್ಣು ಎಂದು ಅದರಲ್ಲಿ ಬರೆದಿತ್ತು. ಹಂಗಾಮಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿಗೆ ಬಂದ ಎತ್ತಿನ ಕಣ್ಣೂ ಕೆಂಪಾಗುತ್ತದೆ ಎಂಬುದು ಅಚ್ಚು ಹಾಕಿದವರಿಗೆ ತಿಳಿದಿರಲಿಲ್ಲ. ಸಮಿತಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಕೈಪಿಡಿ ಬಂದ ಮೇಲೆ ಒಬ್ಬನಾದರೂ ಸಿಗದಿದ್ದರೆ ಕಾರ್ಯಕ್ರಮ ಮಾಡುವುದು ಹೇಗೆ?

ಗದಿಗೆವ್ವ ಅಂಗಡಿಯ ಮೆಟ್ಟಿಲ ಬಳಿ ನಿಂತು ಕೇಳಿದಳು. “ಸಾವಕಾರ್ರ, ಈ ಘಾಟಿಗೆ ನಿಮ್ಮ ಕಣ್ಣೂ ಕೆಂಪಗ ಅದಾವಲ್ರಿ.”

ಅಂದಾನೆಪ್ಪನವರು ಟವೆಲಿನಿಂದ ಕಣ್ಣೊರೆಸಿಕೊಂಡರು. “ನಮ್ಮದು ಮೆಣಸಿನಕಾಯಿ ಕೆಂಪಬೇ. ನಿನ್ನ ಮಗಂದು ಬ್ಯಾರೆ ಕೆಂಪು.”

“ಹೆಂಗ ಗೊತ್ತಾತ್ರಿ?”

“ನಾವು ಈ ಊರವರು.”

ಷರತ್ತು ಸರಳವಾಗಿತ್ತು. ಗುರುವಾರ ಹಾವೇರಿಯಿಂದ ಡಾಕ್ಟರು ಬರುತ್ತಾರೆ. ಮಧು ವೇದಿಕೆಯ ಮೇಲೆ ಕುಳಿತು, ಊರಿನೆದುರು ಒಪ್ಪಿಕೊಂಡು, ಪ್ರಮಾಣ ಮಾಡಬೇಕು. ಮಾಡಿದರೆ ಖೋಲಿಯೂ ಉಂಟು, ಕೆಲಸವೂ ಉಂಟು. ಇಲ್ಲದಿದ್ದರೆ ಅಮಾವಾಸ್ಯೆಯೊಳಗೆ ಎರಡೂ ಖಾಲಿ. ಏನನ್ನು ಒಪ್ಪಿಕೊಳ್ಳಬೇಕು ಎಂದು ಗದಿಗೆವ್ವ ಕೇಳಿದಾಗ, ಅದೆಲ್ಲ ಕೈಪಿಡಿಯಲ್ಲಿದೆ ಎಂದರು.

ಮಧು ಒಲ್ಲೆನೆಂದ. ಹಿಂದಕ್ಕೆ ಹೋಗೋಣವೆಂದ. ಹೋಗಲು ಗುತ್ತಲದಲ್ಲಿ ಉಳಿದಿದ್ದ ಒಂದು ಗೋಡೆ ಹೋದ ಮಳೆಗಾಲದಲ್ಲಿ ಬಿದ್ದಿತ್ತು.

“ಒಮ್ಮೆ ಒಪ್ಕೊಂಡ್ರ ಮುಂದ ನನ್ನ ಯಾರು ನಂಬ್ತಾರಬೇ?” ಎಂದು ಕೇಳಿದ. ತಾಯಿ ರೊಟ್ಟಿ ಬಡಿಯುತ್ತಲೇ ಇದ್ದಳು.

ಕೆಟ್ಟವನೊಬ್ಬ ಸಿಕ್ಕರೆ ಸಾಲದು, ಹೋಲಿಸಲು ಒಳ್ಳೆಯವನೂ ಬೇಕು. ಅವನನ್ನು ಹುಡುಕುವ ಕಷ್ಟ ಸಮಿತಿಗೆ ಬರಲಿಲ್ಲ. ಅಂದಾನೆಪ್ಪನವರ ಮಗ ಶಶಿಕಾಂತ ಯುವ ಘಟಕದ ಅಧ್ಯಕ್ಷ, ಆಯ್ಕೆ ಅವಿರೋಧ. ಜಾಗೃತಿಯ ಪೋಸ್ಟರ್ ಮಾಡಿಸಲು ವಾರಕ್ಕೆರಡು ಸಲ ರಾಣೆಬೆನ್ನೂರಿಗೆ ಓಡಾಡುವವನು ಅವನೇ. ಎಲ್ಲರನ್ನೂ ನೋಡಿ ನಗುತ್ತಿದ್ದ, ಯಾರಿಗೂ ಎದುರಾಡುತ್ತಿರಲಿಲ್ಲ. ಕಳೆದ ತಿಂಗಳು ಪ್ರಮಾಣ ಬೋಧಿಸುವಾಗ ಅರ್ಧಕ್ಕೆ ಮಾತು ಮರೆತು ನಕ್ಕುಬಿಟ್ಟಿದ್ದ. ಎಷ್ಟು ಮುಗ್ಧ ಎಂದು ಊರು ಮೆಚ್ಚಿಕೊಂಡಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಇಡೀ ದಿನ ಮೆಣಸಿನಕಾಯಿ ರಾಶಿಯ ನಡುವೆ ತೂಕ ಹಾಕಿಸುತ್ತ ನಿಂತರೂ ಅವನ ಕಣ್ಣು ಹಾಲಿನಷ್ಟು ಬಿಳಿ. ಸಂಸ್ಕಾರ ಎಂದರೆ ಇದು ಎಂದು ಸದಸ್ಯರು ಕೆಂಪು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು.

ಡಾಕ್ಟರಿಗೆ ಅಂದಾನೆಪ್ಪನವರು ಫೋನಿನಲ್ಲೇ ಎಲ್ಲ ತಿಳಿಸಿದ್ದರು. ಒಬ್ಬ ಹುಡುಗ ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ, ಮನೆಯವರ ಒಪ್ಪಿಗೆಯೂ ಇದೆ, ಯಾರೆಂದು ಹೇಳುವುದೇ ಬೇಡ, ಕಣ್ಣು ನೋಡಿದರೆ ನಿಮಗೇ ತಿಳಿಯುತ್ತದೆ ಎಂದಿದ್ದರು.

ಗುರುವಾರ ಯಾರ್ಡಿನ ಕಟ್ಟೆಯ ಮೇಲೆ ವೇದಿಕೆ. ಆ ತುದಿಯ ಕುರ್ಚಿಯಲ್ಲಿ ಶಶಿಕಾಂತ, ಈ ತುದಿಯ ಕುರ್ಚಿಯಲ್ಲಿ ಹೋಗಲು ಬೇರೆ ಜಾಗವಿಲ್ಲದ ಮಧು. ಡಾಕ್ಟರ್ ಶಬನಮ್ ಜೀಪಿನಿಂದ ಇಳಿದು ನಾಲ್ಕು ಸಲ ಸೀನಿದರು. ವೇದಿಕೆ ಹತ್ತುವಷ್ಟರಲ್ಲಿ ಅವರ ಕಣ್ಣೂ ಕೆಂಪಾಗಿತ್ತು. ಅವರನ್ನು ಮಾತ್ರ ಯಾರೂ ಸಂಶಯಿಸಲಿಲ್ಲ. ಅಂದಾನೆಪ್ಪನವರು ಹಾರ ಹಾಕಿ, ಆ ತುದಿಯಲ್ಲಿ ಕುಳಿತವನು ತಮ್ಮ ಮಗನೆಂದು ಹೆಮ್ಮೆಯಿಂದ ಪರಿಚಯಿಸಿದರು.

ಡಾಕ್ಟರು ಮೊದಲು ಮಧುವಿನ ಬಳಿ ಬಂದರು. ಗಲ್ಲ ಎತ್ತಿ, ಸಣ್ಣ ಬ್ಯಾಟರಿ ಹಿಡಿದು ಕಣ್ಣು ನೋಡಿದರು. ಏನು ಕೆಲಸವೆಂದು ಕೇಳಿದರು. ಕೆಳಗೆ ಗದಿಗೆವ್ವ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಆಮೇಲೆ ಶಶಿಕಾಂತನ ಬಳಿ ಹೋದರು. ಅಲ್ಲಿ ಹೆಚ್ಚು ಹೊತ್ತು ನಿಂತರು. ಮೆಲ್ಲಗೆ ಏನೋ ಕೇಳಿದರು, ಅವನು ಮೆಲ್ಲಗೆ ಏನೋ ಹೇಳಿದ. ಆದರ್ಶ ಯುವಕನ ತಪಾಸಣೆ ಸಾವಕಾಶವಾಗಿ ನಡೆಯುತ್ತಿರುವುದು ಕಂಡು ಅಂದಾನೆಪ್ಪನವರು ಶಾಲು ಸರಿಪಡಿಸಿಕೊಂಡು ಫೋಟೊದವನಿಗೆ ಸನ್ನೆ ಮಾಡಿದರು.

ಡಾಕ್ಟರು ಮೈಕಿನ ಮುಂದೆ ಬಂದರು.

“ಈ ಕಡೆ ಕುಂತ ಹುಡುಗನ ಕಣ್ಣು ನನ್ನ ಕಣ್ಣಿನಂಗನ ಅದಾವು. ಮೆಣಸಿನಕಾಯಿ. ತಣ್ಣೀರಿಂದ ತೊಳ್ಕೊಂಡ್ರ ಸಾಕು,” ಎಂದರು. “ಆ ಕಡೆ ಕುಂತವ ದಿನಾ ಇದ ಘಾಟಿನಾಗ ನಿಂತ್ರೂ ಕಣ್ಣು ಕೆಂಪಾಗಿಲ್ಲ. ಸೇದಿದ್ದು ಕಾಣಬಾರದಂತ ಕಣ್ಣಿಗೆ ಹನಿ ಹಾಕ್ಕೊಂತಾನ. ಎರಡು ವರ್ಷ ಆತಂತ, ತಾನ ಒಪ್ಕೊಂಡ.”

ಮತ್ತೆ ಅಂದಾನೆಪ್ಪನವರ ಕಡೆ ತಿರುಗಿ, ನಿಜವಾದ ಗೌರವದಿಂದ ಕೈಮುಗಿದರು. “ಮಂದಿ ಮಕ್ಕಳನ್ನ ತೋರಸೋರು ಭಾಳ ಅದಾರ್ರಿ. ತನ್ನ ಮಗನ್ನ ತಾನ ಊರ ಮುಂದ ತಂದು ಕುಂದ್ರಿಸಿದ ತಂದೀನ್ನ ಇವತ್ತ ಮೊದಲ ಸಲ ನೋಡಿದೆ.”