ಒಂದೇ ಟೇಕಿನ ದನಿ

“ಅಯ್ಯೋ, ಮೆತ್ತಗೆ ಹಿಡೀರಿ, ಉಗುರು ಮುರಿದೀತು,” ಎಂದು ಗುಡುಗಣ್ಣ ಮೈಕಿನ ಮುಂದೆ ರಾಗ ಎಳೆದ. ಗಾಜಿನಾಚೆ ಕೂತಿದ್ದ ಸೌಂಡ್ ಇಂಜಿನಿಯರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಎಂದಿನಂತೆ ಒಂದೇ ಟೇಕಿಗೆ ಓಕೆ.

ಬೇರೆ ಭಾಷೆಯ ಸಿನಿಮಾ, ಧಾರಾವಾಹಿಗಳಿಗೆ ದನಿ ಕೊಡುವುದು ಅವನ ಕಸುಬು. ಗಂಡಸನ್ನು ಮೆಚ್ಚುವ ಗಂಡಸು ಯಾವ ಕಥೆಯಲ್ಲಿ ಬಂದರೂ ಕರೆ ಹೋಗುತ್ತಿದ್ದುದು ಅವನಿಗೇ. ಅಂಥ ಪಾತ್ರಕ್ಕೆ ಕೆಲಸವೂ ಕಡಿಮೆ: ಕುಲುಕುತ್ತಾ ಬರಬೇಕು, ನಾಯಕನಿಂದ ಒಂದು ಏಟು ತಿನ್ನಬೇಕು, ಜನ ನಕ್ಕ ಮೇಲೆ ಮಾಯವಾಗಬೇಕು. ಆ ತೆಳು ದನಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹೊರಗೆ ಬಂದು ಬಾಯಿ ತೆರೆದರೆ ಮಾತ್ರ ಕಿಟಕಿ ಅದುರುವಂಥ ಕಂಠ. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

ವಿಚಿತ್ರವೆಂದರೆ, ನಾಯಕನ ಪಾತ್ರ ಕೊಟ್ಟರೆ ಈ ಗುಡುಗಣ್ಣ ಬೆವರುತ್ತಿದ್ದ, ಟೇಕಿನ ಮೇಲೆ ಟೇಕು ತೆಗೆದುಕೊಳ್ಳುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ಯಾರು ಫೋನ್ ಮಾಡಿದರೂ ಎತ್ತುವವನಲ್ಲ. ಮೊದಲು ಬಿಸಿನೀರು ಕುಡಿದು, ಕೆಮ್ಮಿ, ಗಂಟಲು ಸರಿಮಾಡಿಕೊಳ್ಳಬೇಕು. ಕಲಾವಿದರ ಶೋಕಿ ಎಂದು ಜನ ಸುಮ್ಮನಾಗಿದ್ದರು. ಆ ಚೇಷ್ಟೆ ದನಿ ಎಲ್ಲಿಂದ ಹಿಡಿದೆ ಎಂದು ಇಂಜಿನಿಯರ್ ಕೇಳಿದಾಗ, “ಒಬ್ಬ ಹುಡುಗನಿದ್ದ. ಅವನ ಸುದ್ದಿ ಬಿಡು,” ಎಂದಿದ್ದ.

ಅಕ್ಕನ ಮನೆಯಲ್ಲಿ ಅವನ ಪಾತ್ರಗಳು ಟಿವಿಯಲ್ಲಿ ಬಂದರೆ ಭಾವ, ಮಕ್ಕಳು ಬಿದ್ದು ಬಿದ್ದು ನಗುವರು. ಅಕ್ಕ ಮಾತ್ರ ಪಾತ್ರೆ ತೊಳೆಯಲು ಎದ್ದು ಹೋಗುವಳು. ಅವಳಿಗೆ ತಮಾಷೆಯೇ ಹತ್ತುವುದಿಲ್ಲ ಎಂದು ಭಾವನ ತೀರ್ಮಾನ.

ಈ ನಡುವೆ ಗಂಟಲು ಕೈಕೊಟ್ಟಿತು. ಡಾಕ್ಟರು ಕೊಳವೆ ಇಳಿಸಿ ನೋಡಿ, ಒಳಗೆ ಗಂಟು ಎದ್ದಿದೆ ಎಂದರು.

“ದಿನಾ ಒತ್ತಿ ಒತ್ತಿ ಸುಳ್ಳು ದನಿ ತೆಗೀತಿದ್ದೀರಿ. ಅದನ್ನ ಬಿಡಿ. ಇಲ್ಲಾಂದ್ರೆ ಇರೋ ದನಿಯೂ ಹೋಗುತ್ತೆ.”

ಅವನಿಗೆ ದಿಗಿಲಾಯಿತು. ಅದನ್ನು ಬಿಟ್ಟು ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ. ಸುದ್ದಿ ಕೇಳಿದ ಇಂಜಿನಿಯರ್, ಹೋಗಲಿ ಬಿಡು ಮಾರಾಯ, ಇನ್ನು ಚೇಷ್ಟೆ ಪಾತ್ರ ಒಪ್ಪಿಕೊಳ್ಳಬೇಡ ಎಂದು ಸಮಾಧಾನ ಹೇಳಿದ.

ಆ ವಾರವೇ ಹೊಸ ಧಾರಾವಾಹಿ ಬಂತು. ಅದರಲ್ಲೊಬ್ಬ ಗ್ಯಾರೇಜಿನವನು, ಅವನ ಜೊತೆ ಬಾಳುವವನು ಒಬ್ಬ ಮೇಷ್ಟ್ರು. ಗ್ಯಾರೇಜಿನವನದು ಮೂಲದಲ್ಲೇ ಮೆದು ದನಿ, ಆದರೆ ಕಥೆಯೊಳಗೆ ಯಾರೂ ನಗುವುದಿಲ್ಲ. ಗುಡುಗಣ್ಣ ಈಗ ಏಟು ಬೀಳುತ್ತದೆ, ಆಗ ಬೀಳುತ್ತದೆ ಎಂದು ಕಾದೇ ಕಾದ. ಕೊನೆಗೂ ಬೀಳಲಿಲ್ಲ. ಅವನಿಗೆ ರೇಗಿಹೋಯಿತು.

“ಇದನ್ನ ಯಾರು ನಂಬ್ತಾರೆ ಮೇಡಂ? ಅಂಥವರು ಇಷ್ಟು ನೆಮ್ಮದಿಯಾಗಿ ಇರ್ತಾರಾ?” ಎಂದು ದನಿ ಕೊಡಿಸುತ್ತಿದ್ದ ನಿರ್ದೇಶಕಿಯ ಮೇಲೆ ಗುಡುಗಿದ.

“ಇರ್ತಾರೆ,” ಎಂದಳು ಅವಳು. “ಈ ಪಾತ್ರಕ್ಕೆ ಚೇಷ್ಟೆ ಬೇಡ. ನಿಮ್ಮ ಸ್ವಂತ ದನಿಯಲ್ಲೇ ಹೇಳಿ.”

ಅವನು ಮೈಕಿನ ಮುಂದೆ ನಿಂತ. ಪರದೆಯ ಮೇಲೆ ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತಾ ಮನೆಯೊಳಗೆ ಬಂದ. ಊಟ ಆಯ್ತಾ, ನನಗೇ ಕಾಯ್ತಾ ಕೂತಿದ್ದೀಯಾ ಎಂದು ಮೇಷ್ಟ್ರನ್ನು ಕೇಳುವ ಸಾದಾ ಮಾತು. ಗುಡುಗಣ್ಣ ಅದನ್ನು ಹೇಳಿದ.

ಅದೇ ತೆಳು ದನಿ. ಇಂಜಿನಿಯರ್ ರೂಢಿಯಂತೆ ನಗಲು ಹೊರಟ. ಆದರೆ ಮಾತಿನಲ್ಲಿ ರಾಗವಿರಲಿಲ್ಲ, ಕೊಂಕಿರಲಿಲ್ಲ. ನಗು ಅರ್ಧಕ್ಕೇ ನಿಂತಿತು.

“ತುಂಬಾ ಚೆನ್ನಾಗಿ ಬಂತು,” ಎಂದಳು ನಿರ್ದೇಶಕಿ. “ಆದ್ರೆ ಇದನ್ನ ಡಾಕ್ಟರು ಬೇಡ ಅಂದಿದ್ದಾರಲ್ಲ? ಸ್ವಂತ ದನಿ ಅಂದೆ ನಾನು.”

“ಸ್ವಂತದ್ದು ಇದೇ ಮೇಡಂ,” ಎಂದ ಅವನು, ದನಿ ಬದಲಿಸದೆ. “ಡಾಕ್ಟರು ಬಿಡಿ ಅಂದದ್ದು ಗುಡುಗನ್ನ. ಹುಡುಗನಾಗಿದ್ದಾಗ ಈ ದನಿಗೆ ಅಪ್ಪನ ಏಟು ಬಿತ್ತು. ಅವತ್ತಿಂದ ನೀವೆಲ್ಲ ಕೇಳ್ತಿರೋದು ಡಬ್ಬಿಂಗು.”